ಸೆಮಿಕಂಡಕ್ಟರ್ ಒಳಗೆ ಬೆಳಕಿನ ನೆನಪು ಎಷ್ಟು ಹೊತ್ತು?

(ಪುಣೆಯಲ್ಲಿ ಭಾನುವಾರ ನಡೆದ ಮಾತುಕತೆಯ ಬರಹರೂಪ ಇದು. ವಿಡಿಯೋ ನೋಡಲು ಪುರುಸೊತ್ತಿಲ್ಲದವರಿಗಾಗಿ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ವಾರವಿಡೀ ಹಿಂಜೆವಾಡಿ ಟ್ರಾಫಿಕ್‌ನಲ್ಲಿ ಕೂತವರು ಭಾನುವಾರ ಬೆಳಿಗ್ಗೆ ನಿದ್ದೆ ಬಿಟ್ಟು ಕ್ವಾಂಟಮ್ ವಿಷಯ ಕೇಳೋಕೆ ಬಂದಿದ್ದೀರಿ. ನಿಮ್ಮದು ದೊಡ್ಡ ಮನಸ್ಸು.

ಮೊದಲೇ ಹೇಳಿಬಿಡ್ತೀನಿ, ನಾನು ವಿಜ್ಞಾನಿ ಅಲ್ಲ. ನಿಮ್ಮ ಹಾಗೇ ಐಟಿಯವನು. ಆದರೆ ಈ ಕೆಲಸಕ್ಕೆ ಬರೋ ಮುಂಚೆ, ಎಂಎಸ್ಸಿ ಮುಗಿಸಿ, ಎರಡು ವರ್ಷ ಒಂದು ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಅಲ್ಲಿ ಒಂದು ದಿನ "ನಾನು ದೊಡ್ಡದೇನೋ ಕಂಡುಹಿಡಿದೆ" ಅಂತ ಕುಣಿದಾಡಿದ್ದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅದು ಏನೂ ಅಲ್ಲ ಅಂತ ಗೊತ್ತಾಯ್ತು. ಆ ಪೆಟ್ಟಿನಿಂದ ಕಲಿತದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಈಗ ಯಾಕೆ ಇದರ ನೆನಪಾಯ್ತು? ಹೋದ ವರ್ಷ ಆಫೀಸ್‌ನಲ್ಲಿ ಒಂದು ಕ್ವಾಂಟಮ್ ಸಿಮ್ಯುಲೇಟರ್ ಮೇಲೆ ಸಣ್ಣ ಪೈಲಟ್ ಪ್ರಾಜೆಕ್ಟ್ ಬಂತು. ನಾಯ್ಸ್ ಮಾಡೆಲ್ ಆರಿಸಬೇಕಿತ್ತು. ಡೀಫಾಲ್ಟ್ ಏನಿತ್ತೋ ಅದನ್ನೇ ಕ್ಲಿಕ್ ಮಾಡಿ ಮುಂದೆ ಹೋದೆ. ರಾತ್ರಿ ಮಲಗಿದಾಗ ಹೊಳೆಯಿತು, ನಾನು ಆರಿಸಿದ ಮಾಡೆಲ್‌ಗೆ ನೆನಪೇ ಇಲ್ಲ. ಪ್ರತಿ ಹೆಜ್ಜೆಯ ಗದ್ದಲವೂ ಹಿಂದಿನ ಹೆಜ್ಜೆಯನ್ನ ಮರೆತು ಹೊಸದಾಗಿ ಶುರುವಾಗುತ್ತೆ. ನಿಜವಾದ ಹರಳಿನೊಳಗೆ ಹಾಗೇ ಆಗುತ್ತಾ?

ಬಯಲು ಮತ್ತು ಗೋಳಗುಮ್ಮಟ

ಶಾಲೆಯ ಪ್ರವಾಸದಲ್ಲಿ ವಿಜಯಪುರಕ್ಕೆ ಹೋದವರು ಕೈ ಎತ್ತಿ. ನೋಡಿ, ಅರ್ಧ ಜನ! ಗೋಳಗುಮ್ಮಟದ ಮೇಲಿನ ಮೊಗಸಾಲೆಯಲ್ಲಿ ನಿಂತು ಎಲ್ಲರೂ ಕೂಗಿರ್ತೀರಿ. ಅದೇ ಕೂಗನ್ನ ಊರಾಚೆ ಹೊಲದಲ್ಲಿ ನಿಂತು ಕೂಗಿ. ಹೋಯ್ತು, ಮುಗೀತು. ಗುಮ್ಮಟದಲ್ಲಿ ಅದು ವಾಪಸ್ ಬರುತ್ತೆ, ಮತ್ತೆ ಮತ್ತೆ ಬರುತ್ತೆ.

ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಶಬ್ದ ಆ ಕಡೆಗೆ ಹೋಗಿ ಈ ಕಡೆಗೆ ಬರೋಕೆ ಸೆಕೆಂಡಿನ ಐದನೇ ಒಂದು ಭಾಗ ಸಾಕು. ನೀವು "ಅಮ್ಮಾ" ಅಂತ ಎಳೆದು ಕೂಗೋದು ಅದಕ್ಕಿಂತ ಹೆಚ್ಚು ಹೊತ್ತು. ಅಂದರೆ ನೀವಿನ್ನೂ ಕೂಗ್ತಾ ಇರುವಾಗಲೇ ನಿಮ್ಮ ದನಿ ನಿಮ್ಮನ್ನೇ ಬಂದು ಮುಟ್ಟುತ್ತೆ.

ಇಲ್ಲಿ ಎರಡು ಗಡಿಯಾರ ಇವೆ. ಒಂದು ನಿಮ್ಮದು, ಕೂಗು ಎಷ್ಟು ಹೊತ್ತು ಅನ್ನೋದು. ಇನ್ನೊಂದು ಸುತ್ತಲಿನ ಜಾಗದ್ದು, ದನಿಯನ್ನ ಎಷ್ಟು ಹೊತ್ತು ಇಟ್ಟುಕೊಳ್ಳುತ್ತೆ ಅನ್ನೋದು. ಸುತ್ತಲಿನದು ಬಹಳ ಬೇಗ ಮರೆತರೆ "ನೆನಪಿಲ್ಲ" ಅಂತ ಲೆಕ್ಕ ಹಾಕಬಹುದು. ಎರಡೂ ಹತ್ತಿರ ಹತ್ತಿರ ಬಂದರೆ ಆ ಲೆಕ್ಕ ಕೈಕೊಡುತ್ತೆ. ಇವತ್ತಿನ ಮಾತೆಲ್ಲ ಇಷ್ಟೇ. ಉಳಿದದ್ದು ವಿವರ, ಆದರೆ ರುಚಿ ಇರೋದು ವಿವರದಲ್ಲೇ.

ಮರೆಯುವ ಲೆಕ್ಕ ಎಲ್ಲಿಂದ ಬಂತು

ಮಾರ್ಕೋವ್ ಚೈನ್ ನಿಮಗೆಲ್ಲ ಗೊತ್ತು. ಮುಂದಿನ ಹೆಜ್ಜೆ ಈಗಿನ ಸ್ಥಿತಿಯ ಮೇಲೆ ಮಾತ್ರ ನಿಂತಿರುತ್ತೆ, ಹಿಂದಿನ ಚರಿತ್ರೆ ಬೇಕಿಲ್ಲ. ರಷ್ಯಾದ ಆಂದ್ರೆಯ್ ಮಾರ್ಕೋವ್ 1906ರಲ್ಲಿ ಇದನ್ನ ಶುರು ಮಾಡಿದ್ರು. 1913ರಲ್ಲಿ ಪುಷ್ಕಿನ್ ಬರೆದ "ಯೆವ್ಗೆನಿ ಒನೇಗಿನ್" ಕಾವ್ಯದ 20,000 ಅಕ್ಷರಗಳನ್ನ ಎಣಿಸಿ, ಸ್ವರದ ನಂತರ ಸ್ವರ ಎಷ್ಟು ಸಲ, ವ್ಯಂಜನ ಎಷ್ಟು ಸಲ ಅಂತ ಪಟ್ಟಿ ಮಾಡಿದ್ರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಕೈಯಲ್ಲಿ!

ಭೌತವಿಜ್ಞಾನದಲ್ಲಿ ಇದೇ ಯೋಚನೆ ಬೆಳಕಿನ ವಿಷಯದಲ್ಲಿ ಬಂತು. ಶಕ್ತಿ ತುಂಬಿಕೊಂಡ ಪರಮಾಣು ಯಾವಾಗ ಬೆಳಕು ಬಿಡುತ್ತೆ? 1930ರಲ್ಲಿ ವೈಸ್ಕೋಫ್ ಮತ್ತು ವಿಗ್ನರ್ ಲೆಕ್ಕ ಮಾಡಿ ತೋರಿಸಿದ್ರು: ಅದು ಎಕ್ಸ್‌ಪೊನೆನ್ಶಿಯಲ್ ಆಗಿ ಇಳಿಯುತ್ತೆ. ಪ್ರತಿ ಕ್ಷಣವೂ ಬೆಳಕು ಬಿಡುವ ಸಂಭವ ಅಷ್ಟೇ. ಪರಮಾಣುವಿಗೆ "ನಾನು ಎಷ್ಟು ಹೊತ್ತಿಂದ ಕಾಯ್ತಾ ಇದ್ದೀನಿ" ಅನ್ನೋ ಲೆಕ್ಕ ಇಲ್ಲ. ಆದರೆ ಆ ಲೆಕ್ಕದೊಳಗೆ ಒಂದು ಊಹೆ ಕೂತಿದೆ. ಬಿಟ್ಟ ಬೆಳಕು ಬಯಲಿಗೆ ಹೋಗುತ್ತೆ, ತಿರುಗಿ ಬರಲ್ಲ ಅನ್ನೋದೇ ಆ ಊಹೆ.

ನಮ್ಮ ನೆರೆರಾಜ್ಯದವರೊಬ್ಬರ ಹೆಸರು ಇಲ್ಲಿ ಹೇಳಲೇಬೇಕು. ಇ.ಸಿ.ಜಿ. ಸುದರ್ಶನ್, ಕೇರಳದ ಕೊಟ್ಟಾಯಂ ಕಡೆಯವರು. ಮುಂಬೈನ ಟಿಐಎಫ್‌ಆರ್‌ನಲ್ಲಿ ಕೆಲಸ ಮಾಡಿದವರು, ಮುಂದೆ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾದವರು. ನೆನಪಿಲ್ಲದ ಕ್ವಾಂಟಮ್ ವ್ಯವಸ್ಥೆ ಹೇಗೆ ಬದಲಾಗುತ್ತೆ ಅನ್ನೋದರ ಸಾಮಾನ್ಯ ಸಮೀಕರಣ 1976ರಲ್ಲಿ ಎರಡು ಕಡೆಯಿಂದ ಬಂತು. ಗೊರಿನಿ, ಕೊಸ್ಸಕೋವ್ಸ್ಕಿ ಮತ್ತು ಸುದರ್ಶನ್ ಒಂದು ಕಡೆ, ಲಿಂಡ್‌ಬ್ಲಾಡ್ ಇನ್ನೊಂದು ಕಡೆ. ನಾನು ಆಫೀಸ್‌ನಲ್ಲಿ ಕ್ಲಿಕ್ ಮಾಡಿದ ಡೀಫಾಲ್ಟ್‌ನ ಮೂಲ ಇದೇ.

ಮರುವರ್ಷ, 1977ರಲ್ಲಿ, ಅದೇ ಸುದರ್ಶನ್ ಬೈದ್ಯನಾಥ ಮಿಶ್ರಾ ಜೊತೆ ಇನ್ನೊಂದು ಪ್ರಬಂಧ ಬರೆದ್ರು. ಕ್ವಾಂಟಮ್ ವ್ಯವಸ್ಥೆಯನ್ನ ಪದೇ ಪದೇ ನೋಡ್ತಾ ಇದ್ದರೆ ಅದು ಇಳಿಯೋದೇ ನಿಂತುಹೋಗುತ್ತೆ ಅಂತ. ಇದಕ್ಕೆ "ಕ್ವಾಂಟಮ್ ಜೀನೋ" ಅಂತ ಹೆಸರು. ಇದು ನಡೆಯೋದು ಯಾಕೆ ಅಂದರೆ, ತೀರಾ ಶುರುವಿನ ಕ್ಷಣದಲ್ಲಿ ಇಳಿಕೆ ಎಕ್ಸ್‌ಪೊನೆನ್ಶಿಯಲ್ ಆಗಿರಲ್ಲ. ಮರೆವಿನ ಸಮೀಕರಣಕ್ಕೆ ಕೈಜೋಡಿಸಿದವರೇ ಅದು ಎಲ್ಲಿ ನಡೆಯಲ್ಲ ಅಂತಲೂ ತೋರಿಸಿದ ಹಾಗಾಯ್ತು.

ನನ್ನ ಉಬ್ಬು

ಈಗ ನನ್ನ ಕತೆಗೆ ಬರ್ತೀನಿ. ನಾವು ನೋಡ್ತಾ ಇದ್ದದ್ದು ಕ್ವಾಂಟಮ್ ಡಾಟ್. ಗ್ಯಾಲಿಯಂ ಆರ್ಸೆನೈಡ್ ಹರಳಿನ ಮೇಲೆ ಇಂಡಿಯಂ ಆರ್ಸೆನೈಡ್ ಬೆಳೆಸ್ತಾರೆ. ಎರಡರ ಪರಮಾಣುಗಳ ಅಂತರದಲ್ಲಿ ಶೇಕಡಾ 7ರಷ್ಟು ವ್ಯತ್ಯಾಸ. ಹಾಗಾಗಿ ಮೇಲಿನ ಪದರ ಸಮನಾಗಿ ಕೂರದೆ, ಎಣ್ಣೆ ಸವರಿದ ತಟ್ಟೆ ಮೇಲಿನ ನೀರಿನ ಹಾಗೆ ಹನಿ ಹನಿ ಆಗುತ್ತೆ. ಒಂದೊಂದು ಹನಿ ಸುಮಾರು 20 ನ್ಯಾನೋಮೀಟರ್ ಅಗಲ, ಕೆಲವೇ ನ್ಯಾನೋಮೀಟರ್ ಎತ್ತರ. ಲೇಸರ್ ಹೊಡೆದರೆ ಒಳಗೆ ಒಂದು ಎಲೆಕ್ಟ್ರಾನ್ ಮೇಲೇರುತ್ತೆ, ಸುಮಾರು ಒಂದು ನ್ಯಾನೋಸೆಕೆಂಡ್ ಕಳೆದು ಕೆಳಗಿಳಿಯುತ್ತೆ. ಇಳಿಯುವಾಗ ಒಂದೇ ಒಂದು ಫೋಟಾನ್ ಬಿಡುತ್ತೆ. ಇದನ್ನೆಲ್ಲ ಮಾಡೋದು ದ್ರವ ಹೀಲಿಯಂನ ಚಳಿಯಲ್ಲಿ, 4 ಕೆಲ್ವಿನ್ ಹತ್ತಿರ.

ಈ ಹನಿಯನ್ನ ಒಂದು ಕಂಬದೊಳಗೆ ಇಡ್ತಾರೆ. ಮೇಲೂ ಕೆಳಗೂ ಎರಡು ಬಗೆಯ ಸೆಮಿಕಂಡಕ್ಟರ್ ಪದರಗಳನ್ನ ಒಂದರ ಮೇಲೊಂದು ಜೋಡಿಸಿದ ಕನ್ನಡಿ. ಕಂಬದ ದಪ್ಪ ಒಂದೆರಡು ಮೈಕ್ರೋಮೀಟರ್. ಇದು ನಮ್ಮ ಚಿಕ್ಕ ಗೋಳಗುಮ್ಮಟ ಅಂದುಕೊಳ್ಳಿ. ಫೋಟಾನ್ ಕನ್ನಡಿಗಳ ನಡುವೆ ನೂರಾರು ಸಲ ಓಡಾಡಿ ಆಮೇಲೆ ಹೊರಗೆ ಬೀಳುತ್ತೆ.

ನನ್ನ ಕೆಲಸ ಸರಳ. ಲೇಸರ್ ಹೊಡೆದ ಮೇಲೆ ಫೋಟಾನ್ ಎಷ್ಟು ಹೊತ್ತಿಗೆ ಬಂತು ಅಂತ ಡಿಟೆಕ್ಟರ್‌ನಲ್ಲಿ ನೋಡೋದು. ಲಕ್ಷಗಟ್ಟಲೆ ಸಲ ಮಾಡಿ ಗ್ರಾಫ್ ಹಾಕೋದು. ಲಾಗ್ ಸ್ಕೇಲ್‌ನಲ್ಲಿ ನೇರ ಗೆರೆ ಬರಬೇಕು. ಒಂದು ರಾತ್ರಿ ಬಂದ ಗೆರೆಯಲ್ಲಿ, 10 ನ್ಯಾನೋಸೆಕೆಂಡ್ ಹತ್ತಿರ, ಒಂದು ಸಣ್ಣ ಉಬ್ಬು! ಹೋದ ಬೆಳಕು ವಾಪಸ್ ಬಂದಿದೆ. ನೆನಪು! ರಾತ್ರಿ ಹನ್ನೊಂದಕ್ಕೆ ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಅವರಿಗೆ ಅರ್ಥ ಆಗಲಿಲ್ಲ, "ಊಟ ಆಯ್ತೇನಪ್ಪಾ" ಅಂದ್ರು.

ಮರುದಿನ ನಮ್ಮ ಮೇಡಂ ಗ್ರಾಫ್ ನೋಡಿ ಒಂದೇ ಪ್ರಶ್ನೆ ಕೇಳಿದ್ರು. "ಆ ಕಂಬದೊಳಗೆ ಬೆಳಕು ಎಷ್ಟು ಹೊತ್ತು ಇರುತ್ತಪ್ಪ?"

"ಸುಮಾರು 5 ಪಿಕೋಸೆಕೆಂಡ್, ಮೇಡಂ."

"ನಿನ್ನ ಉಬ್ಬು ಬಂದದ್ದು 10 ನ್ಯಾನೋಸೆಕೆಂಡಿಗೆ. ಎರಡು ಸಾವಿರ ಪಟ್ಟು. ಅಷ್ಟು ಹೊತ್ತು ಅದನ್ನ ಇಟ್ಟುಕೊಂಡಿದ್ದವರು ಯಾರು?"

ನನ್ನ ಬಾಯಿ ಕಟ್ಟಿತು. ಅವರು ಡಿಟೆಕ್ಟರ್‌ಗೆ ಹೋಗುವ ಫೈಬರ್ ಕೇಬಲ್ ತೋರಿಸಿ "ಇದು ಎಷ್ಟು ಉದ್ದ?" ಅಂದ್ರು. ಒಂದು ಮೀಟರ್. ಗಾಜಿನ ಫೈಬರ್‌ನಲ್ಲಿ ಬೆಳಕು ಒಂದು ಮೀಟರ್ ಹೋಗೋಕೆ 5 ನ್ಯಾನೋಸೆಕೆಂಡ್. ಹೋಗಿ ಬಂದರೆ 10. ಡಿಟೆಕ್ಟರ್ ಮೇಲೆ ಬಿದ್ದ ಬೆಳಕಿನಲ್ಲಿ ಸ್ವಲ್ಪ ತಿರುಗಿ, ಕೇಬಲ್‌ನ ಈ ತುದಿಗೆ ಬಂದು, ಮತ್ತೆ ಹೋಗಿ ಬಿದ್ದಿತ್ತು. ಎರಡು ಮೀಟರ್ ಕೇಬಲ್ ಹಾಕಿದೆವು. ಉಬ್ಬು 20ಕ್ಕೆ ಹೋಯ್ತು. ನನ್ನ ಆವಿಷ್ಕಾರ ಒಂದು ಕೇಬಲ್ ಆಗಿತ್ತು.

ನಗಬೇಡಿ, ನೀವೂ ಪ್ರೊಡಕ್ಷನ್‌ನಲ್ಲಿ ಇಂಥದ್ದು ಮಾಡಿರ್ತೀರಿ.

ನೆನಪು ಅಂತ ಗುರುತಿಸೋದು ಹೇಗೆ

ನೇರ ಗೆರೆ ಅಲ್ಲದಿದ್ದರೆ ನೆನಪು ಅಂತ ಹೇಳೋಕಾಗಲ್ಲ. ಎರಡು ಸರ್ವರ್ ಇವೆ ಅಂದುಕೊಳ್ಳಿ. ಒಂದು ವೇಗದ್ದು, ಒಂದು ನಿಧಾನದ್ದು. ಎರಡಕ್ಕೂ ನೆನಪಿಲ್ಲ. ಎರಡರ ಲಾಗ್ ಕಲಸಿ ಗ್ರಾಫ್ ಹಾಕಿದರೆ ಉದ್ದ ಬಾಲದ ವಕ್ರರೇಖೆ ಬರುತ್ತೆ. ಕ್ವಾಂಟಮ್ ಡಾಟ್‌ನಲ್ಲೂ ಹಾಗೇ ಆಗುತ್ತೆ. ಬೆಳಕು ಬಿಡೋ ಸ್ಥಿತಿಯ ಪಕ್ಕದಲ್ಲೇ ಬೆಳಕು ಬಿಡದ "ಕತ್ತಲೆ" ಸ್ಥಿತಿಯೊಂದು ಇರುತ್ತೆ. ಎಲೆಕ್ಟ್ರಾನ್ ಅಲ್ಲಿ ಸಿಕ್ಕಿಕೊಂಡು ತಡವಾಗಿ ಹೊರಬಂದರೆ ಗ್ರಾಫ್ ಬಾಗುತ್ತೆ.

ಹಾಗಾದರೆ ಗುರುತು ಯಾವುದು? 2009ರಲ್ಲಿ ಬ್ರಾಯರ್, ಲೈನೆ ಮತ್ತು ಪೀಲೋ ಒಂದು ಸೊಗಸಾದ ಅಳತೆ ಕೊಟ್ರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು "ಡಿಫ್". ಒಂದೇ ವ್ಯವಸ್ಥೆಯನ್ನ ಎರಡು ಬೇರೆ ಸ್ಥಿತಿಗಳಿಂದ ಶುರು ಮಾಡಿ. ಹೊತ್ತು ಹೋದಂತೆ ಎರಡರ ನಡುವಿನ ವ್ಯತ್ಯಾಸ ಕಡಿಮೆ ಆಗುತ್ತೆ, ಯಾಕಂದರೆ ಮಾಹಿತಿ ಸುತ್ತಲಿನ ಜಾಗಕ್ಕೆ ಸೋರ್ತಾ ಇದೆ. ನೆನಪಿಲ್ಲದಿದ್ದರೆ ಡಿಫ್ ಯಾವಾಗಲೂ ಇಳಿಯುತ್ತೆ, ಏರೋದೇ ಇಲ್ಲ. ನಡುವೆ ಎಲ್ಲಾದರೂ ಏರಿತು ಅಂದರೆ, ಸೋರಿದ ಮಾಹಿತಿ ವಾಪಸ್ ಬಂತು ಅಂತ ಅರ್ಥ. ಅದು ಅಷ್ಟು ಹೊತ್ತು ಎಲ್ಲೋ ಹೊರಗೆ ಇತ್ತು.

ಹರಳಿನೊಳಗೆ ಮೂರು ನೆನಪು

ಸೆಮಿಕಂಡಕ್ಟರ್ ಒಳಗೆ ಮಾಹಿತಿ ಇಟ್ಟುಕೊಳ್ಳೋರು ಮುಖ್ಯವಾಗಿ ಮೂವರು.

ಮೊದಲನೆಯದು ಬೆಳಕಿನ ಪೆಟ್ಟಿಗೆ, ಅಂದರೆ ಕಂಬದ ಕನ್ನಡಿಗಳು. ಸುತ್ತಲಿನ ಪೆಟ್ಟಿಗೆ ಬದಲಿಸಿದರೆ ಬೆಳಕು ಬಿಡೋ ವೇಗವೇ ಬದಲಾಗುತ್ತೆ ಅಂತ ಪರ್ಸೆಲ್ 1946ರಲ್ಲೇ ಹೇಳಿದ್ದರು. ಕನ್ನಡಿ ಇನ್ನೂ ಚೆನ್ನಾಗಿದ್ದರೆ ಹನಿ ಬಿಟ್ಟ ಫೋಟಾನನ್ನ ಹನಿಯೇ ಮತ್ತೆ ನುಂಗುತ್ತೆ, ಮತ್ತೆ ಬಿಡುತ್ತೆ. ಆಗ ಇದು ಬೆಳಕು, ಇದು ವಸ್ತು ಅಂತ ಬೇರೆ ಮಾಡೋಕಾಗದ ಜೋಡಿ ಆಗುತ್ತೆ. ತೆಳು ಪದರದಲ್ಲಿ ಇದನ್ನ 1992ರಲ್ಲಿ ವೈಸ್‌ಬುಶ್ ಮತ್ತು ಜೊತೆಗಾರರು ಜಪಾನಿನಲ್ಲಿ ಕಂಡ್ರು. ಒಂದೇ ಒಂದು ಕ್ವಾಂಟಮ್ ಡಾಟ್‌ನಲ್ಲಿ 2004ರಲ್ಲಿ ಎರಡು ತಂಡಗಳು ತೋರಿಸಿದವು, ಜರ್ಮನಿಯ ವ್ಯುರ್ಜ್‌ಬುರ್ಗ್‌ನಲ್ಲಿ ಕಂಬದೊಳಗೆ, ಅಮೆರಿಕದಲ್ಲಿ ತೂತು ತೂತಾದ ಫೋಟಾನಿಕ್ ಹರಳಿನೊಳಗೆ. ಒಂದು ಗೆರೆ ಇರಬೇಕಾದ ಕಡೆ ಎರಡು ಗೆರೆ, ಒಂದರ ಹತ್ತಿರ ಒಂದು ಬಂದರೂ ಮುಟ್ಟದೆ ಪಕ್ಕಕ್ಕೆ ಸರಿಯುತ್ತವೆ. 2011ರಲ್ಲಿ ಡೆನ್ಮಾರ್ಕ್ ಮತ್ತು ಜರ್ಮನಿಯ ಸಂಶೋಧಕರು ಕಂಬದೊಳಗಿನ ಒಂದೇ ಡಾಟ್‌ನ ಇಳಿಕೆ ನೆನಪಿಲ್ಲದ ಲೆಕ್ಕಕ್ಕೆ ಒಗ್ಗೋದಿಲ್ಲ ಅಂತ ಸಮಯದ ಅಳತೆಯಲ್ಲೇ ತೋರಿಸಿದ್ರು. ನಾನು ಕೇಬಲ್‌ನಲ್ಲಿ ಕಂಡೆ ಅಂದುಕೊಂಡದ್ದನ್ನ ಅವರು ನಿಜವಾಗಿ ಕಂಡಿದ್ರು.

ಎರಡನೆಯದು ಶಬ್ದ. ಹೌದು, ಹರಳಿನೊಳಗಿನ ಶಬ್ದ. ಎಲೆಕ್ಟ್ರಾನ್ ಮೇಲೇರಿದ ಕೂಡಲೇ ಸುತ್ತಲಿನ ಪರಮಾಣುಗಳು ಸ್ವಲ್ಪ ಸರಿದು ಕೂರ್ತವೆ. ಲೋಕಲ್ ಟ್ರೇನಿನ ಸೀಟಿನಲ್ಲಿ ನಾಲ್ಕನೆಯವರು ಬಂದು ಕೂತ ಹಾಗೆ. ಆ ಸರಿದಾಟ ಒಂದು ಸಣ್ಣ ಶಬ್ದದ ಅಲೆಯಾಗಿ ಹೊರಗೆ ಹೋಗುತ್ತೆ. ಇದರ ಕಣಕ್ಕೆ ಫೋನಾನ್ ಅಂತ ಹೆಸರು. ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್. ಅಂದರೆ ಒಂದು ಪಿಕೋಸೆಕೆಂಡಿಗೆ 5 ನ್ಯಾನೋಮೀಟರ್. ಕೆಲವೇ ನ್ಯಾನೋಮೀಟರ್ ಹನಿಯನ್ನ ಅದು ಕೆಲವೇ ಪಿಕೋಸೆಕೆಂಡಿನಲ್ಲಿ ದಾಟಿ ಹೋಗುತ್ತೆ. ಆಮೇಲೆ ತಿರುಗಿ ನೋಡಲ್ಲ. ಶಬ್ದದ ನೆನಪು ಅಷ್ಟೇ ಹೊತ್ತು.

ಡಾಟ್‌ನ ಆಯಸ್ಸು ಸಾವಿರ ಪಿಕೋಸೆಕೆಂಡ್ ಇರುವಾಗ ಈ ಕೆಲವು ಪಿಕೋಸೆಕೆಂಡ್ ಯಾರಿಗೆ ಬೇಕು ಅಂತೀರಾ? ಇಲ್ಲೇ ಜನ ಎಡವೋದು. ಆ ಡಾಟನ್ನ ಕ್ಯೂಬಿಟ್ ಆಗಿ ಬಳಸುವಾಗ ಅದನ್ನ ತಿರುಗಿಸೋ ಲೇಸರ್ ಮಿಡಿತವೇ ಕೆಲವು ಪಿಕೋಸೆಕೆಂಡ್ ಇರುತ್ತೆ. ನಿಮ್ಮ ಗಡಿಯಾರವೂ ಹರಳಿನ ಗಡಿಯಾರವೂ ಒಂದೇ ಅಳತೆಗೆ ಬಂದುಬಿಟ್ಟವು. ನೀವಿನ್ನೂ "ಅಮ್ಮಾ" ಅಂತ ಕೂಗ್ತಾ ಇದ್ದೀರಿ, ದನಿ ಇನ್ನೂ ಗುಮ್ಮಟದಲ್ಲೇ ಇದೆ. ಇಂಗ್ಲೆಂಡಿನ ಶೆಫೀಲ್ಡ್ ತಂಡ 2010ರಲ್ಲಿ ತೋರಿಸಿದ ಹಾಗೆ, ಲೇಸರ್‌ನಿಂದ ತಿರುಗಿಸುವಾಗ ಆಗೋ ನಷ್ಟಕ್ಕೆ ದೊಡ್ಡ ಕಾರಣ ಈ ಶಬ್ದವೇ. ನಷ್ಟ ಎಷ್ಟು ಅನ್ನೋದು ಲೇಸರ್ ಎಷ್ಟು ಜೋರಾಗಿ ತಿರುಗಿಸುತ್ತೆ ಅನ್ನೋದರ ಮೇಲೆ ನಿಂತಿದೆ. ಸೆಕೆಂಡಿಗೆ ಇಂತಿಷ್ಟು ಅಂತ ಒಂದೇ ಅಂಕಿ ಹಾಕಿ ಕೂರೋಕಾಗಲ್ಲ.

ಮೂರನೆಯದು ನಿಧಾನದ ನೆನಪು, ನ್ಯೂಕ್ಲಿಯಸ್‌ಗಳದ್ದು. ಗ್ಯಾಲಿಯಂ, ಆರ್ಸೆನಿಕ್, ಇಂಡಿಯಂ, ಈ ಮೂರರ ಎಲ್ಲ ಸಹಜ ಐಸೋಟೋಪ್‌ಗಳ ನ್ಯೂಕ್ಲಿಯಸ್‌ಗೂ ಸ್ಪಿನ್ ಇದೆ. ಸಿಲಿಕಾನ್‌ನಲ್ಲಿ ಶೇಕಡಾ 95ರಷ್ಟು ಪರಮಾಣುಗಳಿಗೆ ಅದು ಇಲ್ಲ. ಹಾಗಾಗಿ ನಮ್ಮ ಹನಿಯೊಳಗಿನ ಒಂದು ಎಲೆಕ್ಟ್ರಾನ್ ಸ್ಪಿನ್ ಸುತ್ತ ಹತ್ತಾರು ಸಾವಿರ ಪುಟ್ಟ ಅಯಸ್ಕಾಂತಗಳು. ಅವುಗಳ ಗದ್ದಲಕ್ಕೆ ಎಲೆಕ್ಟ್ರಾನ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ದಿಕ್ಕು ತಪ್ಪುತ್ತೆ.

ಆದರೆ ಈ ಗದ್ದಲ ಬಹಳ ಸೋಮಾರಿ. ಬೇಗ ಬದಲಾಗಲ್ಲ. ಅದಕ್ಕೇ ಒಂದು ಉಪಾಯ ಇದೆ. 1950ರಲ್ಲಿ ಅರ್ವಿನ್ ಹಾನ್ ತೋರಿಸಿದ "ಸ್ಪಿನ್ ಎಕೋ". ಓಟಗಾರರನ್ನ ಬಿಟ್ಟಿದ್ದೀರಿ, ಒಬ್ಬೊಬ್ಬರದು ಒಂದೊಂದು ವೇಗ, ಎಲ್ಲರೂ ಚದುರಿದರು. ಒಂದು ಸೀಟಿ ಊದಿ "ಹಿಂದೆ ತಿರುಗಿ" ಅಂದರೆ, ಪ್ರತಿಯೊಬ್ಬರೂ ಅದೇ ವೇಗದಲ್ಲಿ ವಾಪಸ್ ಓಡಿದರೆ, ಎಲ್ಲರೂ ಒಂದೇ ಹೊತ್ತಿಗೆ ಶುರುವಿನ ಗೆರೆಗೆ ಬರ್ತಾರೆ. ಷರತ್ತು ಒಂದೇ, ನಡುವೆ ಯಾರೂ ವೇಗ ಬದಲಿಸಬಾರದು. ಕ್ವಾಂಟಮ್ ಡಾಟ್‌ನಲ್ಲಿ ಈ ಸೀಟಿಯನ್ನ ಲೇಸರ್ ಮಿಡಿತದಿಂದ ಊದಿ, ನ್ಯಾನೋಸೆಕೆಂಡ್ ಬಾಳಿಕೆಯನ್ನ ಮೈಕ್ರೋಸೆಕೆಂಡಿಗೆ ಏರಿಸಿದ್ದಾರೆ.

ನನಗೆ ಬಹಳ ಹಿಡಿಸಿದ್ದು ಇದು. ಸುತ್ತಲಿನದಕ್ಕೆ ನೆನಪೇ ಇಲ್ಲದಿದ್ದರೆ ಕಳೆದದ್ದು ಕಳೆದೇ ಹೋಯ್ತು, ಯಾವ ಸೀಟಿಯೂ ಕೆಲಸ ಮಾಡಲ್ಲ. ನೆನಪಿರೋದರಿಂದಲೇ ರಿಪೇರಿ ಸಾಧ್ಯ.

ನಮಗೇನು ಸಂಬಂಧ

ಈಗ ಆ ಡ್ರಾಪ್‌ಡೌನ್‌ಗೆ ವಾಪಸ್ ಬರ್ತೀನಿ. ಕ್ವಾಂಟಮ್ ದೋಷ ತಿದ್ದುವ ಸರಳ ಲೆಕ್ಕಗಳಲ್ಲಿ ಈ ಹೆಜ್ಜೆಯ ತಪ್ಪಿಗೂ ಮುಂದಿನ ಹೆಜ್ಜೆಯ ತಪ್ಪಿಗೂ ಸಂಬಂಧ ಇಲ್ಲ ಅಂತ ಇಟ್ಟುಕೊಳ್ತಾರೆ. ಗದ್ದಲಕ್ಕೆ ನೆನಪಿದ್ದರೆ ತಪ್ಪುಗಳು ಗುಂಪಾಗಿ ಬರ್ತವೆ. ಸಿಮ್ಯುಲೇಟರ್‌ನಲ್ಲಿ ಪಾಸ್ ಆದದ್ದು ಹಾರ್ಡ್‌ವೇರ್‌ನಲ್ಲಿ ಫೇಲ್ ಆಗುತ್ತೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಇನ್ನೊಂದು ಕಡೆ, ಎಕೋ ಉಪಾಯದಿಂದ ಆಗೋ ಲಾಭವನ್ನ ನೆನಪಿಲ್ಲದ ಮಾಡೆಲ್ ತೋರಿಸೋದೇ ಇಲ್ಲ. ಎರಡೂ ಕಡೆ ಮೋಸ ಹೋಗ್ತೀವಿ.

ಡೀಫಾಲ್ಟ್ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಎಷ್ಟೋ ಕಡೆ ಅದು ಸರಿಯಾಗೇ ಇರುತ್ತೆ. ಕ್ಲಿಕ್ ಮಾಡೋ ಮುಂಚೆ ಒಂದು ಪ್ರಶ್ನೆ ಕೇಳಿ ಅಂತೀನಿ. ನನ್ನ ಹೆಜ್ಜೆ ಎಷ್ಟು ಹೊತ್ತು, ಸುತ್ತಲಿನದು ಮರೆಯೋಕೆ ಎಷ್ಟು ಹೊತ್ತು? ನಮ್ಮ ಪೈಲಟ್‌ನಲ್ಲಿ ಈ ಎರಡು ಅಂಕಿಗಳನ್ನ ಡಾಕ್ಯುಮೆಂಟ್‌ನಲ್ಲಿ ಬರೆದಿಡೋಕೆ ಶುರು ಮಾಡಿದ್ವಿ. ಅಷ್ಟೇ ಮಾಡಿದ್ದು. ಆದರೂ ಎರಡು ಫಲಿತಾಂಶ ತಡೆಹಿಡಿದು ಮತ್ತೆ ನೋಡಬೇಕಾಯ್ತು.

ಪ್ರಶ್ನೆ, ಉತ್ತರ

*ನಮ್ಮ ಮನೆಯ ಕ್ಯೂಎಲ್ಇಡಿ ಟಿವಿಯಲ್ಲಿರೋದು ಇದೇ ಕ್ವಾಂಟಮ್ ಡಾಟ್ ಏನು?*

ದಾಯಾದಿ ಅನ್ನಬಹುದು. ಅವು ದ್ರಾವಣದಲ್ಲಿ ರಸಾಯನದಿಂದ ಬೆಳೆಸಿದವು. ಅದರ ಮೂಲಕೆಲಸಕ್ಕೇ 2023ರ ರಸಾಯನಶಾಸ್ತ್ರದ ನೊಬೆಲ್ ಬವೆಂಡಿ, ಬ್ರೂಸ್ ಮತ್ತು ಎಕಿಮೊವ್ ಅವರಿಗೆ ಬಂತು. ಟಿವಿ ಕೋಣೆಯ ಬಿಸಿಯಲ್ಲಿ ಹರಳು ಎಷ್ಟು ಅಲುಗಾಡುತ್ತೆ ಅಂದರೆ ನಾನು ಹೇಳಿದ ಸೂಕ್ಷ್ಮ ನೆನಪು ಉಳಿಯೋದೇ ಇಲ್ಲ. ಟಿವಿಗೆ ಬಣ್ಣ ಸಾಕು, ಅದಕ್ಕೆ ಇದರ ಚಿಂತೆ ಇಲ್ಲ.

*ನಮ್ಮ ದೇಶದಲ್ಲಿ ಇಂಥ ಕೆಲಸ ನಡೀತಿದೆಯಾ? ನಮ್ಮಂಥವರಿಗೆ ದಾರಿ ಇದೆಯಾ?*

ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ, 6,003.65 ಕೋಟಿ ರೂಪಾಯಿ. ಅದರ ನಾಲ್ಕು ಕೇಂದ್ರಗಳು ಬೆಂಗಳೂರಿನ ಐಐಎಸ್ಸಿ, ಐಐಟಿ ಮದ್ರಾಸ್, ಐಐಟಿ ಬಾಂಬೆ, ಐಐಟಿ ದೆಹಲಿ. ಅಂದರೆ ನಮ್ಮ ಜನ ಇರೋ ಊರುಗಳಲ್ಲೇ! ಲ್ಯಾಬ್‌ಗೆ ಸಾಫ್ಟ್‌ವೇರ್ ಗೊತ್ತಿರೋ ಕೈಗಳೂ ಬೇಕು, ಅಳತೆಯ ಯಂತ್ರ ನಡೆಸೋಕೆ, ಡೇಟಾ ನೋಡೋಕೆ. ಸಂಬಳದ ಲೆಕ್ಕ ಮಾತ್ರ ಮನೆಯಲ್ಲಿ ಕೂತು ಮಾತಾಡಿಕೊಂಡು ಹೋಗಿ. ನಾನು ಲ್ಯಾಬ್ ಬಿಟ್ಟದ್ದೂ ಆ ಲೆಕ್ಕಕ್ಕೇ, ಅದರಲ್ಲಿ ಮುಚ್ಚಿಡೋದು ಏನಿಲ್ಲ.

*ಆ ಮೇಡಂ ಈಗಲೂ ಸಿಗ್ತಾರಾ?*

ಸಿಗ್ತಾರೆ. ಪೈಲಟ್ ಪ್ರಾಜೆಕ್ಟ್‌ನ ವಿಷಯ ಹೇಳೋಕೆ ಫೋನ್ ಮಾಡಿದ್ದೆ. ಪೂರ್ತಿ ಕೇಳಿಸಿಕೊಂಡು, "ಸರಿ, ಈ ಸಲ ಕೇಬಲ್ ಎಷ್ಟು ಉದ್ದ ಅಂತ ನೋಡಿದೆಯಾ?" ಅಂದ್ರು.

ಹೊರಗೆ ಉಪ್ಪಿಟ್ಟು, ಕಾಫಿ ಇದೆ. ಆರೋ ಮುಂಚೆ ಬನ್ನಿ.